ಎಡಗಡೆಯ ಹುರಿ

ಚಳಿಗಾಲದಲ್ಲಿ ನಮ್ಮ ಸ್ಕ್ಯಾನ್ ಕೋಣೆಯ ಮೊದಲ ಕೆಲಸ ಜೆಲ್ ಬಾಟಲಿಗಳನ್ನು ಬಿಸಿನೀರಿನ ಮಗ್ಗಿಗೆ ಇಳಿಬಿಡುವುದು. ಘಾಜಿಯಾಬಾದಿನ ಜನವರಿಯಲ್ಲಿ ತಣ್ಣನೆಯ ಜೆಲ್ ಮೈಗೆ ತಾಗಿದರೆ ಎಂಥವರೂ ಮಂಚದ ಮೇಲೆ ಎಗರಿಬೀಳುತ್ತಾರೆ. ಆಮೇಲೆ ಎಷ್ಟು ಹೇಳಿದರೂ ಮೈ ಸಡಿಲ ಬಿಡುವುದಿಲ್ಲ, ಚಿತ್ರವೂ ಸರಿಯಾಗಿ ಬರುವುದಿಲ್ಲ. ಆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಎದುರಿನ ಮೆಟ್ರೋ ಕಂಬಗಳೇ ಕಾಣುತ್ತಿರಲಿಲ್ಲ. ನಾನು ಮಫ್ಲರ್ ಬಿಚ್ಚುವ ಮೊದಲೇ ನಮ್ಮ ಸಹಾಯಕಿ, ಎಲ್ಲರೂ ದೀದಿ ಎಂದು ಕರೆಯುವ ಹಿರಿಯ ಹೆಂಗಸು, ಮೊದಲ ರೋಗಿಯನ್ನು ಮಲಗಿಸಿಯಾಗಿತ್ತು.

ಮೇಲಿನ ಮಹಡಿಯ ಸರ್ಜನ್ ಬರೆದು ಕಳಿಸಿದ್ದ ಚೀಟಿಯ ಪ್ರಕಾರ ನನ್ನ ಕೆಲಸ ಚಿಕ್ಕದು. ರೋಗಿ ಎರಡು ತಿಂಗಳ ಬಾಣಂತಿ. ಎಡ ಸ್ತನದ ಹೊರಮಗ್ಗುಲಲ್ಲಿ ಹುರಿಯ ಹಾಗೆ ಗಟ್ಟಿಯಾದದ್ದು ಏನೋ ಎದ್ದಿದೆ, ನೋವಿದೆ. ಬೇರೆ ಕಡೆ ಮಾಡಿಸಿದ ಸ್ಕ್ಯಾನಿನಲ್ಲಿ ಅದನ್ನು ಹಿಗ್ಗಿದ ಹಾಲಿನ ನಾಳ ಎಂದು ಗುರುತಿಸಿದ್ದರು. ಒಳಗೆ ಘನವಾದದ್ದು ಏನೋ ತುಂಬಿಕೊಂಡಿದೆ, ಬಯಾಪ್ಸಿ ಮಾಡಿ ನೋಡುವುದು ಒಳ್ಳೆಯದು ಎಂದೂ ಬರೆದಿದ್ದರು. ನಾನು ಆ ಜಾಗವನ್ನು ಹುಡುಕಿ, ಸೂಜಿ ಎಲ್ಲಿ ಹೋಗಬೇಕೆಂದು ಚರ್ಮದ ಮೇಲೆ ಬೇಗ ಅಳಿಸಿಹೋಗದ ಪೆನ್ನಿನಲ್ಲಿ ಗುರುತು ಹಾಕಿಕೊಟ್ಟರೆ ಮುಗಿಯಿತು.

ನಾನು ಹಿಂದಿಯಲ್ಲಿ ಮಾತು ಶುರುಮಾಡಿದೆ. ಆಕೆ ಹೂಂ, ಹಾಂ ಎನ್ನುತ್ತ ಚಾವಣಿ ನೋಡುತ್ತಿದ್ದಳು. ಅಷ್ಟರಲ್ಲಿ ಹೊರಗಿನಿಂದ ಮಗುವಿನ ಅಳು ಕೇಳಿಸಿತು. ಆಕೆ ಮಂಚದಿಂದಲೇ ಕತ್ತು ಎತ್ತಿ ಕೂಗಿದಳು: "ಹೋಯ್, ಪಾಪು ಕೂಗ್ತಾ ಉಂಟು ಕಾಣಿ!"

ದೆಹಲಿಯ ಸುತ್ತಮುತ್ತ ಇಷ್ಟು ವರ್ಷ ಇದ್ದರೂ, ಕತ್ತಲೆ ಕೋಣೆಯಲ್ಲಿ ಹೀಗೆ ಕನ್ನಡ ಕೇಳಿದರೆ ನನಗೆ ಈಗಲೂ ಒಂದು ಕ್ಷಣ ಕೈ ನಿಲ್ಲುತ್ತದೆ.

"ಯಾವೂರಮ್ಮ?" ಎಂದೆ.

ಆಕೆ ಬೆಚ್ಚಿ ನನ್ನ ಕಡೆ ತಿರುಗಿದಳು. "ಕುಂದಾಪುರ. ನೀವು ಕನ್ನಡದವ್ರಾ ಡಾಕ್ಟ್ರೇ?"

"ತುಮಕೂರು."

ಅಷ್ಟೇ ಸಾಕಾಯಿತು. ಅದುವರೆಗೆ ಹೂಂ, ಹಾಂ ಎನ್ನುತ್ತಿದ್ದವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಗಂಡನ ಮನೆಯವರದು ಇಲ್ಲೇ ಮಾರ್ಕೆಟ್ ಹತ್ತಿರ ಹೋಟೆಲು, ಗಂಡ ದೋಸೆ ಕಾವಲಿಯ ಮುಂದೆ ನಿಲ್ಲುತ್ತಾನೆ. ಇದು ಮೊದಲ ಮಗು, ಹೆಣ್ಣು. ಕೆಲವು ದಿನಗಳ ಹಿಂದೆ ಸ್ನಾನ ಮಾಡುವಾಗ ಎಡಗಡೆ ಕೈಗೆ ಏನೋ ಸಿಕ್ಕಿತು. ಬಯಾಪ್ಸಿ ಅಂದರು. ಹಾಲು ತುಂಬಿದ ಎದೆಗೆ ದಪ್ಪ ಸೂಜಿ ಹಾಕಿದರೆ ಗಾಯದಿಂದ ಹಾಲು ಸೋರುತ್ತಲೇ ಇರಬಹುದಂತೆ, ಹಾಗಾಗಿ ಮೊದಲು ಹಾಲು ನಿಲ್ಲಿಸುವ ಮಾತ್ರೆ ಬರೆದುಕೊಟ್ಟಿದ್ದಾರೆ.

"ಇವತ್ತು ಸಂಜೆ ತಕೊಳ್ಳಿ ಅಂದಿದ್ದಾರೆ. ತಕೊಂಡ್ರೆ ಆಮೇಲೆ ಮತ್ತೆ ಬರೋದಿಲ್ವಂತೆ ಅಲ್ದಾ?"

"ಸಾಮಾನ್ಯವಾಗಿ ಬರೋದಿಲ್ಲ."

"ಬಲಗಡೆ ಮಾತ್ರ ಉಳಿಸ್ಕೊಳ್ಳೋಕೆ ಆಗ್ತದಾ?"

ಮಾತ್ರೆಗೆ ಎಡ ಬಲ ಗೊತ್ತಾಗುವುದಿಲ್ಲ ಎಂದೆ. ಆಕೆ ಮತ್ತೆ ಚಾವಣಿ ನೋಡಿದಳು. ಹೊರಗೆ ಅಳು ಜೋರಾಯಿತು. ಆಕೆಯ ಎದೆಯ ಮೇಲೆ ಹೊದಿಸಿದ್ದ ಬಟ್ಟೆ ಎರಡೂ ಕಡೆ ನಿಧಾನವಾಗಿ ಒದ್ದೆಯಾಗುವುದು ನನಗೆ ಕಂಡಿತು. ನಾನು ಎರಡು ಮಕ್ಕಳನ್ನು ಹೆತ್ತವಳು. ಮಗು ಅತ್ತರೆ ಮೈ ತಾನಾಗಿಯೇ ಓಗೊಡುತ್ತದೆ. ಸಂಜೆಯ ಹೊತ್ತಿಗೆ ಇದೆಲ್ಲ ನಿಲ್ಲಲು ಶುರುವಾಗುತ್ತದೆ ಎಂದು ನೆನೆದು ನನಗೆ ಬಹಳ ಸಂಕಟವಾಯಿತು.

ಸಂಕಟದಿಂದ ಚಿತ್ರ ಓದಲಾಗುವುದಿಲ್ಲ. ಕೆಲಸಕ್ಕೆ ಕೂತೆ.

ಮೊದಲು ಬೆರಳಿನಿಂದ ಮುಟ್ಟಿ ನೋಡಿದೆ. ಮಷೀನು ಮುಂದಿದೆ ಎಂದು ಕೈಯನ್ನು ಮರೆಯಬಾರದು ಎಂಬುದು ನನ್ನ ಹಟ, ಹೊಸದಾಗಿ ಬರುವ ಡಾಕ್ಟರುಗಳಿಗೆ ಇದನ್ನು ಹೇಳಿ ಹೇಳಿ ಬೇಸರ ಹುಟ್ಟಿಸಿದ್ದೇನೆ. ಸ್ತನದ ಹೊರ ಅಂಚಿನಲ್ಲಿ, ಚರ್ಮದ ಕೆಳಗೇ, ಸಣ್ಣ ಹಗ್ಗದಂತೆ ಒಂದು ಗೆರೆ ಸಿಕ್ಕಿತು. ಮುಟ್ಟಿದರೆ ಆಕೆ ಹಲ್ಲು ಕಚ್ಚುತ್ತಿದ್ದಳು. ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿಸಿದೆ. ಹುರಿ ಬಿಗಿದುಕೊಂಡಿತು, ಅದರ ಉದ್ದಕ್ಕೂ ಚರ್ಮ ಒಳಗೆ ಎಳೆದುಕೊಂಡು ಒಂದು ತೆಳು ಕಾಲುವೆ ಮೂಡಿತು. ಚರ್ಮ ಹೀಗೆ ಒಳಕ್ಕೆ ಎಳೆದುಕೊಳ್ಳುವುದನ್ನು ಕಂಡರೆ ಯಾವ ಸರ್ಜನ್‌ಗಾದರೂ ಕ್ಯಾನ್ಸರಿನ ಹೆದರಿಕೆ ಹುಟ್ಟುತ್ತದೆ. ಅವರನ್ನು ನಾನು ದೂರುವುದಿಲ್ಲ.

ಆದರೆ ಅದು ಎಳೆದುಕೊಂಡ ರೀತಿ ನನಗೆ ಇನ್ನೊಂದನ್ನು ನೆನಪಿಸಿತು. ಎದೆಯ ಮೇಲ್ಪದರದ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಊದಿ ಗಟ್ಟಿಯಾಗುವ ಒಂದು ಅಪರೂಪದ ತೊಂದರೆಯಿದೆ. ಹಳೆಯ ಕಾಲದ ಫ್ರೆಂಚ್ ಸರ್ಜನ್ ಒಬ್ಬರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಓದುವಾಗ ಎಲ್ಲರೂ ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತೇವೆ, ಕಣ್ಣಾರೆ ಕಾಣುವವರು ಕಡಿಮೆ. ನಾನೇ ಬೆರಳೆಣಿಕೆಯಷ್ಟು ನೋಡಿದ್ದೆ, ಬಾಣಂತಿಯಲ್ಲಿ ಒಮ್ಮೆಯೂ ಇಲ್ಲ. ಅದಾಗಿದ್ದರೆ ಸೂಜಿಯೂ ಬೇಡ, ಮಾತ್ರೆಯೂ ಬೇಡ. ಕೆಲವು ವಾರಗಳಲ್ಲಿ ತಾನಾಗಿಯೇ ಕರಗುತ್ತದೆ.

ಜೆಲ್ ಹಚ್ಚಿ, ಮೈಮೇಲೆ ಆಡಿಸುವ ಪ್ರೋಬನ್ನು ಇಟ್ಟೆ. ಈ ರಕ್ತನಾಳಗಳು ಎಷ್ಟು ಮೇಲೆ ಇರುತ್ತವೆಂದರೆ ಪ್ರೋಬಿನ ಭಾರಕ್ಕೇ ಚಪ್ಪಟೆಯಾಗಿ ಕಣ್ಮರೆಯಾಗಬಹುದು. ಹಾಗಾಗಿ ಜೆಲ್ಲನ್ನು ದಪ್ಪಗೆ ಸುರಿದು, ಅದರ ಮೇಲೆ ಪ್ರೋಬ್ ತೇಲುವ ಹಾಗೆ ಹಿಡಿಯಬೇಕು. ಹಿಡಿದೆ. ಪರದೆಯಲ್ಲಿ ಕಪ್ಪು ಕೊಳವೆಯೊಂದು ಕಂಡಿತು, ಅಲ್ಲಲ್ಲಿ ಉಬ್ಬಿ ಅಲ್ಲಲ್ಲಿ ಕಿರಿದಾಗಿತ್ತು. ಒಳಗೆ ಮಬ್ಬಾದ ಬೂದು ಬಣ್ಣ. ಕಲರ್ ಡಾಪ್ಲರ್ ಹಾಕಿದೆ. ರಕ್ತ ಹರಿಯುತ್ತಿದ್ದರೆ ಕೆಂಪೋ ನೀಲಿಯೋ ಬರಬೇಕು. ಏನೂ ಬರಲಿಲ್ಲ. ಒತ್ತಿ ನೋಡಿದೆ. ಕೊಳವೆ ಮುಚ್ಚಿಕೊಳ್ಳಲಿಲ್ಲ.

ಹೆಪ್ಪುಗಟ್ಟಿದ ರಕ್ತನಾಳ ಹೀಗೆಯೇ ಇರುತ್ತದೆ. ತೊಂದರೆಯೆಂದರೆ, ಗಟ್ಟಿ ಹಾಲು ಕಟ್ಟಿಕೊಂಡ ನಾಳವೂ ಹೀಗೆಯೇ ಇರುತ್ತದೆ. ಅದರಲ್ಲೂ ರಕ್ತ ಹರಿಯುವುದಿಲ್ಲ, ಅದೂ ಒತ್ತಿದರೆ ಮುಚ್ಚಿಕೊಳ್ಳುವುದಿಲ್ಲ. ಆ ಎಡಗಡೆಗೆ ಮಗುವನ್ನು ಹಾಕದೆ ನಾಲ್ಕಾರು ದಿನಗಳಾಗಿದ್ದವು, ಇಡೀ ಸ್ತನ ಕಲ್ಲಾಗಿತ್ತು, ಎಲ್ಲಿ ನೋಡಿದರೂ ಹಿಗ್ಗಿದ ಕಪ್ಪು ನಾಳಗಳು. ನನ್ನ ಕೊಳವೆ ಆ ಗುಂಪಿನೊಳಗೆ ಹೋಗಿ ಬೆರೆತುಬಿಟ್ಟಿತು. ಮೂರು ಸಲ ಹಿಂಬಾಲಿಸಿದೆ, ಮೂರು ಸಲವೂ ಒಂದೇ ಕಡೆ ಕಳೆದುಕೊಂಡೆ. ಮೊದಲ ವರದಿ ಬರೆದವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆನೋ ಏನೋ.

ರಿಸೆಪ್ಷನ್ನಿನಿಂದ ಫೋನ್ ಬಂತು. ಹೊರಗೆ ಜನ ಕಾಯುತ್ತಿದ್ದಾರೆ, ಇನ್ನೆಷ್ಟು ಹೊತ್ತು ಮೇಡಂ ಎಂದು. ಗುರುತು ಹಾಕಿ ಕಳಿಸುವುದು ಸುಲಭವಿತ್ತು. ಪೆನ್ನು ಕೈಯಳತೆಯಲ್ಲೇ ಇತ್ತು.

ಆಗ ನನಗೆ ಹೊಳೆದದ್ದು ಯಾವ ದೊಡ್ಡ ವಿದ್ಯೆಯೂ ಅಲ್ಲ. ಹಾಲಿನ ನಾಳವಾಗಿದ್ದರೆ ಹಾಲು ಖಾಲಿಯಾದ ಮೇಲೆ ಅದು ಕುಗ್ಗಬೇಕು, ಕಡೇಪಕ್ಷ ಬದಲಾಗಬೇಕು. ರಕ್ತನಾಳವಾಗಿದ್ದರೆ ಮಗು ಎಷ್ಟು ಕುಡಿದರೂ ಅದಕ್ಕೆ ಸಂಬಂಧವಿಲ್ಲ.

"ಪಾಪುನ ಒಳಗೆ ತರಿಸಿ," ಎಂದೆ. "ಎಡಗಡೆ ಕುಡಿಸಿ. ಇಲ್ಲೇ, ಈಗಲೇ."

ಆಕೆ ನನ್ನ ಮುಖ ನೋಡಿದಳು. "ಆ ಕಡೆ ಕೊಡ್ಬೇಡಿ ಅಂದಿದ್ರು. ಹಾಲಿನಲ್ಲಿ ಎಂತದಾದ್ರೂ ಇದ್ರೆ?"

"ಹಾಲಿನಲ್ಲಿ ಏನೂ ಇಲ್ಲ. ಕ್ಯಾನ್ಸರೇ ಇದ್ದರೂ ಅದು ಹಾಲಿನಲ್ಲಿ ಮಗುವಿಗೆ ಹೋಗೋದಿಲ್ಲ. ಕುಡಿಸಿ."

ದೀದಿ ಬಾಗಿಲು ತೆರೆದಾಗ ಆಕೆಯ ಗಂಡ ಕಂಡ. ಎತ್ತರದ ಆಳು, ಸ್ವೆಟರಿನ ಮೇಲೆ ಶಾಲು, ಶಾಲಿನೊಳಗೆ ಮಗು. ಒಳಗೆ ಕಾಲಿಡದೆ, ತಲೆ ತಗ್ಗಿಸಿ ಮಗುವನ್ನು ಮಾತ್ರ ಒಳಗೆ ಚಾಚಿದ. ದೀದಿ ಮಗುವನ್ನು ತೆಗೆದುಕೊಂಡು ಬಾಗಿಲು ಮುಚ್ಚಿದಳು.

ನಾನು ಎಣಿಸಿದ ಹಾಗೆ ನಡೆಯಲಿಲ್ಲ. ನಾಲ್ಕಾರು ದಿನ ಬಲಗಡೆಯೊಂದನ್ನೇ ಕಂಡ ಮಗು ಎಡಗಡೆಯನ್ನು ಬಾಯಿಗೇ ತೆಗೆದುಕೊಳ್ಳಲಿಲ್ಲ. ಕಲ್ಲಾದ ಸ್ತನದಲ್ಲಿ ಅದರ ಪುಟ್ಟ ಬಾಯಿಗೆ ಹಿಡಿತ ಸಿಗುತ್ತಿರಲಿಲ್ಲ. ಮುಖ ತಿರುಗಿಸಿತು, ಕೆಂಪಗಾಯಿತು, ಕೋಣೆ ಬಿರಿಯುವ ಹಾಗೆ ಅತ್ತಿತು. ತಾಯಿಯೂ ಅಳತೊಡಗಿದಳು. "ಬೇಡ ಅಂತ ಅದಕ್ಕೂ ಗೊತ್ತಾಗಿದೆ ಡಾಕ್ಟ್ರೇ," ಎಂದಳು. ಹಾಗೆ ಅನ್ನಬಾರದು ಎಂದು ನಾನು ಸ್ವಲ್ಪ ಗದರಿಸಿಯೇ ಹೇಳಿದೆ. ನನಗೂ ಅಳು ಬರುವ ಹಾಗಿತ್ತು, ಗದರಿಸದೆ ಬೇರೆ ದಾರಿ ಇರಲಿಲ್ಲ.

ಮಷೀನಿನ ಪರದೆ ಆರಿಸಿದೆ. ದೀದಿ ಜೆಲ್ಲಿನ ಬಿಸಿನೀರಿಗೆ ಟವೆಲ್ ಅದ್ದಿ ಹಿಂಡಿ ತಂದಳು. ಅದನ್ನು ಎಡಗಡೆ ಇಟ್ಟು, ಅಂಚಿನ ಹಾಲನ್ನು ಸ್ವಲ್ಪ ಹಿಂಡಿ ತೆಗೆದು ಮೆದು ಮಾಡಿದೆವು. ಮೊದಲು ಬಲಗಡೆ ಹಾಕಿಸಿದೆ. ಮಗು ಕುಡಿಯತೊಡಗಿ, ಹಾಲು ಇಳಿದು, ಅದಕ್ಕೆ ಕಣ್ಣು ಮುಚ್ಚಿ ಬರುವಾಗ ಮೆಲ್ಲನೆ ಎಡಕ್ಕೆ ಸರಿಸಲು ಹೇಳಿದೆ. ಇದು ನನ್ನ ಡಿಗ್ರಿಯ ವಿದ್ಯೆಯಲ್ಲ, ನನ್ನ ಎರಡನೆಯ ಮಗ ಕಲಿಸಿದ್ದು. ಮಗು ಒಂದು ಸಲ ಬಿಟ್ಟಿತು, ಇನ್ನೊಂದು ಸಲ ಬಿಟ್ಟಿತು. ಮೂರನೆಯ ಸಲ ಮರೆತು ಹಿಡಿದುಕೊಂಡಿತು.

ದೀದಿ ಗೋಡೆಗೊರಗಿ, "ಚಲೋ, ಹೋ ಗಯಾ," ಎಂದು ಪಿಸುಗುಟ್ಟಿದಳು. ಮತ್ತೆ ಫೋನ್ ಬಂತು. ಅವಳೇ ಎತ್ತಿ, ಮೇಡಂ ಕೆಲಸದಲ್ಲಿದ್ದಾರೆ ಎಂದು ಇಟ್ಟುಬಿಟ್ಟಳು.

ಮಗು ತೃಪ್ತಿಯಾಗಿ ಬಿಟ್ಟ ಮೇಲೆ ಮತ್ತೆ ಪ್ರೋಬ್ ಹಿಡಿದೆ. ಹಿಗ್ಗಿದ್ದ ನಾಳಗಳೆಲ್ಲ ಕುಗ್ಗಿ ತೆಳು ಗೆರೆಗಳಾಗಿದ್ದವು. ಆ ಒಂದು ಕೊಳವೆ ಮಾತ್ರ ಇದ್ದ ಹಾಗೇ ಇತ್ತು, ಅದೇ ಗಾತ್ರ, ಅದೇ ಉಬ್ಬು ತಗ್ಗು. ಗುಂಪು ಚದುರಿದ್ದರಿಂದ ಅದರ ದಾರಿಯೂ ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಮೊಲೆತೊಟ್ಟಿನ ಕಡೆಗೆ ಹೋಗುತ್ತಲೇ ಇರಲಿಲ್ಲ. ಹೊರ ಅಂಚಿನಲ್ಲೇ ಕೆಳಗಿಳಿದು, ಸ್ತನದ ಬುಡ ದಾಟಿ, ಪಕ್ಕೆಲುಬಿನ ಮೇಲೆ ಸಾಗಿ, ಹೊಟ್ಟೆಯ ಮೇಲ್ಭಾಗಕ್ಕೆ ಹೋಗುತ್ತಿತ್ತು. ನಾನು ಪ್ರೋಬನ್ನು ಅದರ ಹಿಂದೆಯೇ ನಡೆಸಿದೆ. ಹಾಲಿನ ನಾಳ ಯಾವುದೂ ಹೊಟ್ಟೆಗೆ ಹೋಗುವುದಿಲ್ಲ. ಇದು ರಕ್ತನಾಳವೇ.

ಖುಷಿಯಲ್ಲಿ ಕೂಗಿಬಿಡೋಣ ಅನ್ನಿಸಿತು. ಆದರೆ ಪಕ್ಕೆಯ ಹತ್ತಿರ ಪ್ರೋಬ್ ಒಂದು ತಗ್ಗಿಗೆ ಸಿಕ್ಕ ಹಾಗಾಯಿತು. ಜೆಲ್ ಒರೆಸಿ ದೀಪ ಹಾಕಿದೆ. ಸ್ತನದ ಬುಡದ ಕೆಳಗೆ ಚರ್ಮದ ಮೇಲೆ ಅಡ್ಡಡ್ಡ ಗೆರೆಗಳು, ಬಟ್ಟೆಯ ಮಡಿಕೆ ಒತ್ತಿದ ಗುರುತುಗಳು. ಎಡಗಡೆ ಒಂದು ಕಡೆ ನಾಣ್ಯದಷ್ಟು ಅಗಲಕ್ಕೆ ಕಂದಿತ್ತು. ಹುರಿ ಆ ಕಂದಿದ ಜಾಗವನ್ನು ಹಾದೇ ಹೋಗುತ್ತಿತ್ತು.

"ಇದೇನಮ್ಮ?"

"ಹೊಟ್ಟೆಗೆ ಕಟ್ತೇವಲ್ಲ, ಅದು. ಇಲ್ಲಿಗೆ ಬರೋ ಮುಂಚೆ ಬಿಚ್ಚಿದ್ದು."

ಹೆರಿಗೆಯಾದ ಮೇಲೆ ಹೊಟ್ಟೆ ಇಳಿಯಲೆಂದು, ಸೊಂಟಕ್ಕೆ ಬಲ ಬರಲೆಂದು ಹಳೆಯ ಹತ್ತಿ ಸೀರೆಯನ್ನು ಸುತ್ತಿ ಕಟ್ಟುವುದು ನಮ್ಮ ಕಡೆಯೂ ಉಂಟು, ನನಗೂ ಕಟ್ಟಿದ್ದರು. ಆದರೆ ಕಟ್ಟುವುದು ಸೊಂಟಕ್ಕೆ, ಹೊಟ್ಟೆಗೆ. ಇಷ್ಟು ಮೇಲೆ ಯಾರೂ ಕಟ್ಟುವುದಿಲ್ಲ.

"ಯಾರು ಕಟ್ಟೋದು?"

"ಅವರೇ."

ಅವರು ಎಂದರೆ ಹೊರಗೆ ನಿಂತಿದ್ದ ಗಂಡ. ಆಕೆಯ ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ತಾಯಿ ಬರಬೇಕೆಂದಿದ್ದಾಗಲೇ ಊರಿನಲ್ಲಿ ಅಕ್ಕನದೂ ಹೆರಿಗೆಯಾಗಿ, ತಾಯಿ ಅಲ್ಲೇ ಉಳಿಯಬೇಕಾಯಿತು. ಹಾಗಾಗಿ ಈ ಬಾಣಂತನವನ್ನು ವಿಡಿಯೋ ಕಾಲಿನಲ್ಲಿ ಅಮ್ಮ ಹೇಳಿದ ಹಾಗೆ ಗಂಡನೇ ಮಾಡಿದ್ದ. ಎಣ್ಣೆ ಕಾಸುವುದು, ನೀರು ಹೊಯ್ಯುವುದು, ಬೆಳ್ಳುಳ್ಳಿ ಹುರಿಯುವುದು, ಆಮೇಲೆ ಹೋಟೆಲಿಗೆ ಹೊರಡುವ ಮುಂಚೆ ಹೊಟ್ಟೆಗೆ ಸೀರೆ ಸುತ್ತುವುದು. ಸೀರೆ ಸುತ್ತಲು ಎರಡು ಕೈಯೂ ಬೇಕಲ್ಲ, ಫೋನನ್ನು ಕಪಾಟಿನ ತಲೆಯ ಮೇಲೆ ಒರಗಿಸಿ ಇಡುತ್ತಿದ್ದರು. ಅಷ್ಟು ಎತ್ತರದಿಂದ ನೋಡಿದರೆ ಬಟ್ಟೆ ಎಲ್ಲಿ ಕಟ್ಟಿದರೂ ಕೆಳಗೆ ಜಾರಿದ ಹಾಗೇ ಕಾಣುತ್ತದೆ. ಕುಂದಾಪುರದಿಂದ ಅಮ್ಮ, "ಇನ್ನೂ ಮೇಲೆ, ಇನ್ನೂ ಸ್ವಲ್ಪ ಬಿಗಿ," ಎನ್ನುತ್ತಿದ್ದರು. ಅಳಿಯ ಅವರ ಮಾತು ಮೀರುವವನಲ್ಲ. ಮೇಲೆ ಸರಿಸುತ್ತಿದ್ದ, ಬಿಗಿ ಮಾಡುತ್ತಿದ್ದ.

"ಗಂಟು ಯಾವ ಕಡೆ ಬರ್ತಿತ್ತು?"

ಆಕೆ ಯೋಚಿಸಿ, ಎಡಗೈಯಿಂದ ಕಂದಿದ ಜಾಗವನ್ನು ಮುಟ್ಟಿದಳು. ಮುಟ್ಟಿದ ಮೇಲೆ ಆಕೆಗೇ ಅರ್ಥವಾಯಿತು.

"ಅವರಿಗೆ ಹೇಳ್ಬೇಡಿ ಡಾಕ್ಟ್ರೇ," ಎಂದಳು. "ದಮ್ಮಯ್ಯ. ಏನಾದ್ರೂ ಬೇರೆ ಹೇಳಿ."

ಮೊದಲು ಸರ್ಜನ್‌ಗೆ ಹೇಳಬೇಕಿತ್ತು. ಅದಕ್ಕೂ ಮೊದಲು ಎರಡೂ ಸ್ತನಗಳನ್ನು, ಎರಡೂ ಕಂಕುಳನ್ನು ಮೂಲೆ ಬಿಡದೆ ನೋಡಿದೆ. ಈ ಹುರಿ ಹೆಚ್ಚಿನವರಲ್ಲಿ ನಿರುಪದ್ರವಿ, ಆದರೆ ಒಮ್ಮೊಮ್ಮೆ ಇದರ ಹಿಂದೆ ಗಡ್ಡೆಯೊಂದು ಅಡಗಿರುತ್ತದೆ. ಗಡ್ಡೆ ಇರಲಿಲ್ಲ, ಕಂಕುಳಲ್ಲಿ ಗ್ರಂಥಿಗಳು ಊದಿರಲಿಲ್ಲ. ಬಾಣಂತಿಯ ರಕ್ತ ಹೆಪ್ಪುಗಟ್ಟಲು ಕಾದಿರುತ್ತದೆ, ಹಾಗಾಗಿ ಕಾಲುಗಳ ರಕ್ತನಾಳಗಳನ್ನೂ ನೋಡಿದೆ. ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿತ್ತು.

ಸರ್ಜನ್ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. "ಮೇಡಂ, ಚರ್ಮ ಒಳಗೆ ಎಳೆದುಕೊಂಡಿದೆ. ನಿಮ್ಮ ಊಹೆ ತಪ್ಪಾಗಿದ್ದರೆ?" ಎಂದು ಹಿಂದಿಯಲ್ಲಿ ಕೇಳಿದರು.

"ನನ್ನ ಊಹೆ ತಪ್ಪಾಗಿದ್ದರೆ ಕೆಲವು ವಾರ ತಡವಾಗುತ್ತದೆ, ಆ ವಾರಗಳಲ್ಲಿ ನಾನೇ ಕರೆಸಿ ಕರೆಸಿ ನೋಡುತ್ತೇನೆ. ನಿಮ್ಮದು ತಪ್ಪಾಗಿದ್ದರೆ ಈ ಮಗುವಿನ ಹಾಲೇ ನಿಂತುಹೋಗುತ್ತದೆ, ಅದನ್ನು ವಾಪಸ್ ತರಲು ನಮ್ಮಿಬ್ಬರಿಂದಲೂ ಆಗುವುದಿಲ್ಲ."

"ಅಚ್ಛಾ. ಬರೆದುಕೊಡಿ. ನಿಮ್ಮ ಸಹಿಯ ಮೇಲೆ."

ಬರೆದೆ. ಹಾಲು ನಿಲ್ಲಿಸುವ ಅಗತ್ಯವಿಲ್ಲ, ಬಯಾಪ್ಸಿಗೆ ಸದ್ಯ ಸೂಚನೆಯಿಲ್ಲ, ಮರುಪರೀಕ್ಷೆ. ಸರ್ಜನ್ ಮಗುವಿಗೆ ತೊಂದರೆಯಾಗದ ನೋವಿನ ಮಾತ್ರೆ ಬರೆದರು, ಬಿಸಿ ಶಾಖ ಹೇಳಿದರು. ವರದಿಗೆ ನಾನು ಸಹಿ ಹಾಕಿದೆ.

ಗಂಡನಿಗೆ ಹೇಳಲೇಬೇಕಿತ್ತು. ಹೇಳದೆ ಇದ್ದರೆ ಮರುದಿನ ಬೆಳಿಗ್ಗೆ ಮತ್ತೆ ಸೀರೆ ಸುತ್ತುತ್ತಾನೆ, ಪ್ರೀತಿಯಿಂದಲೇ ಸುತ್ತುತ್ತಾನೆ. ಆಕೆಗೆ ಅದನ್ನು ತಿಳಿಸಿ ಒಪ್ಪಿಸಿ, ಆತನನ್ನು ಒಳಗೆ ಕರೆದು ಕೂರಿಸಿದೆ. ಕ್ಯಾನ್ಸರ್ ಅಲ್ಲ ಎಂದು ಮೊದಲು ಹೇಳಿದೆ. ಹಾಲು ನಿಲ್ಲಿಸಬೇಕಾಗಿಲ್ಲ ಎಂದೆ. ಆತ ಎರಡು ಕೈಯನ್ನೂ ಮುಖಕ್ಕೆ ಒತ್ತಿಕೊಂಡ. ಆ ಕೈಗಳು ಕಾವಲಿ ಸುಟ್ಟ ಕಲೆಗಳಿಂದ ತುಂಬಿದ್ದವು. ಆಮೇಲೆ, ಬಟ್ಟೆ ಸ್ವಲ್ಪ ಮೇಲಾಗಿತ್ತು, ಸ್ವಲ್ಪ ಬಿಗಿಯಾಗಿತ್ತು, ಅದರಿಂದ ಆಗಿರುವ ಸಾಧ್ಯತೆ ಹೆಚ್ಚು, ಇನ್ನು ಕಟ್ಟುವುದು ಬೇಡ ಎಂದೆ.

ಆತ ಕೈ ಕೆಳಗಿಳಿಸಿ ಅವುಗಳನ್ನೇ ನೋಡಿಕೊಂಡ.

"ನಾನೇ ಕಟ್ಟಿದ್ದು ಮೇಡಂ," ಎಂದ. ಮೊದಲ ಸಲ ಕೇಳಿದ ಆತನ ಧ್ವನಿ ಆ ಮೈಕಟ್ಟಿಗೆ ಹೊಂದದಷ್ಟು ಸಣ್ಣಗಿತ್ತು. "ನೋವಾಗ್ತದೆ ಅಂತ ಇವಳು ಒಂದಿನನೂ ಹೇಳ್ಲಿಲ್ಲ."

"ನೀವು ಅಷ್ಟು ಮಾಡ್ತಿದ್ರಿ, ನಾ ಹೇಗೆ ಹೇಳೋದು?" ಎಂದಳು ಆಕೆ.

ನನಗೆ ಸಮಾಧಾನದ ಮಾತು ಬರುವುದಿಲ್ಲ, ವರದಿಯ ಭಾಷೆ ಮಾತ್ರ ಬರುತ್ತದೆ. ಇದು ಯಾರ ತಪ್ಪೂ ಅಲ್ಲ, ಎರಡು ಸಾವಿರ ಕಿಲೋಮೀಟರ್ ದೂರದಿಂದ ಬಾಣಂತನ ಮಾಡಿಸಿದರೆ ಗಂಟು ಸ್ವಲ್ಪ ಆಚೀಚೆ ಆಗುತ್ತದೆ ಎಂದೆ. ಆಕೆ ನಕ್ಕಳು. ಆತ ನಗಲಿಲ್ಲ.

ಒಂದು ವಾರವಾಗುವಷ್ಟರಲ್ಲಿ ಆಕೆಯ ಫೋನ್ ಬಂತು. ಹುರಿ ಇನ್ನೂ ಉದ್ದವಾಗಿದೆ, ಹೊಟ್ಟೆಯ ಮೇಲೆ ಒಂದಿಷ್ಟು ಕೆಳಗೆ ಬಂದಿದೆ. ಹೆಪ್ಪು ಕರಗುವ ಮುಂಚೆ ಹೀಗೆ ಮುಂದಕ್ಕೆ ಹಬ್ಬುವುದುಂಟು ಎಂದು ಪುಸ್ತಕದಲ್ಲಿದೆ. ಪುಸ್ತಕದಲ್ಲಿ ಓದುವುದು ಬೇರೆ, ನಾವೇ ಸಹಿ ಹಾಕಿದ ಮೇಲೆ ಕಾಯುವುದು ಬೇರೆ. ಕರೆಸಿ ನೋಡಿದೆ. ಹೆಪ್ಪು ನಿಜವಾಗಿಯೂ ಕೆಳಗೆ ಸಾಗಿತ್ತು. ಗಡ್ಡೆ ಮಾತ್ರ ಎಲ್ಲಿಯೂ ಇರಲಿಲ್ಲ. ಸರ್ಜನ್ ಖುದ್ದಾಗಿ ಕೆಳಗಿಳಿದು ಬಂದು, ನನ್ನ ಪಕ್ಕದಲ್ಲೇ ನಿಂತು ಪರದೆ ನೋಡಿದರು. ಸೂಜಿ ಹಾಕುವುದೇ ಆದರೆ ಎಲ್ಲಿ ಹಾಕುತ್ತೀರಿ ತೋರಿಸಿ ಎಂದೆ. ಅವರು ಬೆರಳು ಎತ್ತಿದರು, ಇಳಿಸಿದರು. "ಕಾಯೋಣ," ಎಂದರು. ಅವರು ಕಾಯೋಣ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದು ಆಕೆಯ ಜೊತೆ ಬಂದದ್ದು ನೆರೆಮನೆಯ ಹೆಂಗಸು. ಗಂಡನೆಲ್ಲಿ ಎಂದು ನಾನು ಕೇಳಲಿಲ್ಲ. ಹೋಟೆಲಿನವರಿಗೆ ಪುರುಸೊತ್ತೆಲ್ಲಿ ಎಂದುಕೊಂಡೆ.

ಹೋಳಿ ಹತ್ತಿರವಾಗಿ, ಜೆಲ್ ಬಿಸಿ ಮಾಡುವ ಅಗತ್ಯವಿಲ್ಲದ ಹೊತ್ತಿಗೆ ಕೊನೆಯ ಮರುಪರೀಕ್ಷೆ ಬಂತು. ಆಕೆ ಮಗುವನ್ನು ಎತ್ತಿಕೊಂಡು ಒಳಗೆ ಬಂದಳು. ಮಗುವಿಗೆ ಕತ್ತು ನಿಂತಿತ್ತು, ದೀದಿಯನ್ನು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಕೈ ಎತ್ತಿಸಿದೆ. ಕಾಲುವೆ ಮೂಡಲಿಲ್ಲ. ಬೆರಳಿಗೆ ಏನೂ ಸಿಗಲಿಲ್ಲ. ಪ್ರೋಬ್ ಇಟ್ಟು ಡಾಪ್ಲರ್ ಹಾಕಿದೆ. ಸ್ವಲ್ಪ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಸಣ್ಣಗೆ, ಬಿಟ್ಟು ಬಿಟ್ಟು, ನೀಲಿ ಬಂತು. ಮುಚ್ಚಿಹೋಗಿದ್ದ ನಾಳದಲ್ಲಿ ಮತ್ತೆ ರಕ್ತ ಹರಿಯುತ್ತಿತ್ತು. ಈ ಕೆಲಸದಲ್ಲಿ ನಾನು ಹೆಚ್ಚಾಗಿ ಇರಬಾರದ್ದನ್ನು ಹುಡುಕುವವಳು, ಇಲ್ಲದಿದ್ದರೆ ಸಂತೋಷ ಪಡುವವಳು. ಅಂದು ಇದ್ದದ್ದನ್ನು ನೋಡಿ ಸಂತೋಷ ಪಟ್ಟೆ.

"ಎಡಗಡೆ ಕುಡೀತಿದೆಯಾ?"

"ಈಗ ಎಡಗಡೆಯೇ ಬೇಕು ಅದಕ್ಕೆ." ಆಕೆ ನಕ್ಕಳು, ಆಮೇಲೆ ನಗು ನಿಂತಿತು. "ಡಾಕ್ಟ್ರೇ, ಒಂದು ಮಾತು. ಅವರು ಈಗ ನನ್ನ ಹತ್ರವೇ ಬರೋದಿಲ್ಲ. ನೀರು ತಂದಿಟ್ಟು ಹೋಗ್ತಾರೆ, ಊಟ ತಂದಿಟ್ಟು ಹೋಗ್ತಾರೆ. ಮುಟ್ಟಿದ್ರೆ ಎಲ್ಲಿ ಏನಾಗ್ತದೋ ಅಂತ. ಮುಂಚೆ ಬೆಳಿಗ್ಗೆ ಸೀರೆ ಕಟ್ಟೋ ಹೊತ್ತು ಒಂದೇ ನಾವಿಬ್ರೂ ಮಾತಾಡ್ತಿದ್ದದ್ದು. ಅದೂ ಹೋಯ್ತು."

"ಇವತ್ತು ಬಂದಿದ್ದಾರಾ?"

"ಹೊರಗಿದ್ದಾರೆ."

ಕರೆಸಿದೆ. ಈ ಸಲವೂ ಬಾಗಿಲಲ್ಲೇ ನಿಂತ. ನಾನು ಪರದೆ ತಿರುಗಿಸಿ ನೀಲಿ ತೋರಿಸಿದೆ. ಆತನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ನೀವು, ಹುರಿ ಮತ್ತೆ ಬಂದರೆ ಹೇಗೆ ತಿಳಿಯಬೇಕೆಂದು ಕಲಿತುಕೊಳ್ಳಿ, ಬನ್ನಿ ಎಂದೆ. ಕಲಿಸುವ ಅಗತ್ಯ ಅಷ್ಟೇನೂ ಇರಲಿಲ್ಲ. ಆಕೆಯ ಸೆರಗು ಸರಿಪಡಿಸಿ, ಪಕ್ಕೆಲುಬಿನ ಮೇಲೆ, ಗಂಟು ಬರುತ್ತಿದ್ದ ಜಾಗ ತೋರಿಸಿದೆ. ಕಂದಿದ ಗುರುತು ಹೋಗಿತ್ತು.

"ಇಲ್ಲಿ ಬೆರಳಿಡಿ."

"ಬೇಡ ಮೇಡಂ."

"ಇಡಿ ಅಂದೆ."

ಇಟ್ಟ. ದೂಳು ಒರೆಸುವಷ್ಟೂ ಭಾರ ಹಾಕಲಿಲ್ಲ. ಒತ್ತಿ ಎಂದೆ, ಇನ್ನೂ ಸ್ವಲ್ಪ ಎಂದೆ. ಆತನ ಬೆರಳು ಮೇಲೆ ಕೆಳಗೆ ಹುಡುಕಿತು. ಹಣೆಯ ಮೇಲೆ ಬೆವರಿತ್ತು.

"ಸಿಗ್ತಿಲ್ಲ," ಎಂದ. "ಮೇಡಂ, ಇಲ್ಲಿ ಏನೂ ಸಿಗ್ತಿಲ್ಲ."

"ಇಲ್ಲದ್ದು ಎಲ್ಲಿಂದ ಸಿಗುತ್ತೆ?"

ಅಷ್ಟರಲ್ಲಿ ದೀದಿಯ ಕೈಯಲ್ಲಿದ್ದ ಮಗು ಮುಷ್ಟಿ ಬಾಯಿಗಿಟ್ಟುಕೊಂಡು ರಾಗ ತೆಗೆಯಿತು. ದೀದಿ ತಂದು ತಾಯಿಯ ಎಡ ಮಗ್ಗುಲಿಗೆ ಮಲಗಿಸಿದಳು. ಮಗು ಯಾರೂ ದಾರಿ ತೋರಿಸುವ ಮೊದಲೇ ತಾನೇ ಹುಡುಕಿಕೊಂಡು ಹಿಡಿಯಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸುತ್ತಿತ್ತು. ಆತ ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿದ.

"ಹೋಟೆಲಿಗೆ ಹೊತ್ತಾಯ್ತು," ಎಂದ ಯಾರಿಗೋ ಎಂಬಂತೆ.

"ಹೋಯ್," ಎಂದಳು ಆಕೆ, ಮಗುವಿನ ಮೇಲಿಂದ ಕಣ್ಣು ತೆಗೆಯದೆ. "ಕಟ್ಟೋದಕ್ಕೆ ಏನೂ ಇಲ್ಲ ಅಂದ್ರೂ ಬೆಳಿಗ್ಗೆ ಬಂದು ಕೂತ್ಕೊಳ್ಳಿ."

ಆತ ನಿಂತೇ ಇದ್ದ. ನಾನು ನನ್ನ ಸ್ಟೂಲನ್ನು ಕಾಲಿನಿಂದ ಆತನ ಕಡೆಗೆ ತಳ್ಳಿ, ದೀದಿಯನ್ನು ಕರೆದುಕೊಂಡು ಹೊರಗೆ ಬಂದೆ. ಮ್ಯಾಮೋಗ್ರಫಿ ಕೋಣೆ ಖಾಲಿಯಿತ್ತು, ಮುಂದಿನ ರೋಗಿಯನ್ನು ಅಲ್ಲಿಗೆ ಕಳಿಸಲು ಹೇಳಿದೆ. ಬಾಗಿಲು ಮುಚ್ಚುವಾಗ ಆತ ಕೂತಿದ್ದ.